ಅನುಭವ ಕೊಡುವವರು ಯಾರು?

‘ಸರ್ಟಿಫಿಕೇಟ್ ಬರೀ ಕಾಗದ, ಕೈಯಲ್ಲಿ ಕೆಲಸ ಬರಬೇಕು.’ ಬೆಂಗಳೂರಿನ ನೆಟ್‌ವರ್ಕಿಂಗ್ ವಲಯದಲ್ಲಿ ಈ ಮಾತಿಗೆ ಎದುರಾಡುವವರು ಸಿಗುವುದು ಅಪರೂಪ. ಇಂಟರ್‌ವ್ಯೂ ಮಾಡುವ ಮ್ಯಾನೇಜರ್ ಇದನ್ನೇ ಹೇಳುತ್ತಾರೆ. ರೆಸ್ಯೂಮ್ ಸೋಸುವ ಎಚ್‌ಆರ್ ಇದನ್ನೇ ಹೇಳುತ್ತಾರೆ. ಹಿಂದೊಮ್ಮೆ ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆ ಬರೆದೇ ಒಳಗೆ ಕಾಲಿಟ್ಟ ಸೀನಿಯರುಗಳೂ ಈಗ ಹೊಸಬರಿಗೆ ಇದನ್ನೇ ಬೋಧಿಸುತ್ತಾರೆ. ಮಾತು ಕೇಳಲು ಚೆನ್ನಾಗಿದೆ. ದುಡಿಮೆಗೆ ಬೆಲೆ ಕೊಟ್ಟಂತೆ, ಬರೀ ಓದನ್ನು ಅದರ ಜಾಗದಲ್ಲಿಟ್ಟಂತೆ ಕಾಣುತ್ತದೆ. ಆದರೆ ಬಿಟಿಎಂ ಲೇಔಟ್, ಜಯನಗರ, ಬನಶಂಕರಿಯ ಪಿಜಿಗಳಲ್ಲಿ ಕೂತು ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರ ಪಾಲಿಗೆ ಇದು ಮುಖದ ಮೇಲೆ ಮುಚ್ಚುವ ಬಾಗಿಲು. ಅನುಭವ ಕೇಳುವ ಅಧಿಕಾರವನ್ನು ಇಟ್ಟುಕೊಂಡು ಅದನ್ನು ಕೊಡುವ ಹೊಣೆಯಿಂದ ಮಾತ್ರ ಕೈತೊಳೆದುಕೊಳ್ಳುವವರ ಮಾತು ಇದು. ಇದನ್ನು ಒಪ್ಪಬಾರದು.

ಬಿಟಿಎಂ ಎರಡನೇ ಹಂತದಲ್ಲಿ ಉಡುಪಿ ಗಾರ್ಡನ್ ಸಿಗ್ನಲ್ ಸುತ್ತಮುತ್ತ ನಡೆದರೆ ಕಟ್ಟಡಗಳ ಮೇಲ್ಮಹಡಿಗಳಲ್ಲಿ ತರಬೇತಿ ಕೇಂದ್ರಗಳ ಬೋರ್ಡುಗಳು ಸಾಲುಸಾಲಾಗಿ ಕಾಣುತ್ತವೆ. ಸಿಸಿಎನ್‌ಎ, ಸಿಸಿಎನ್‌ಪಿ, ಫೈರ್‌ವಾಲ್, ಕ್ಲೌಡ್. ಕೆಳಗಿನ ಮಹಡಿಯಲ್ಲಿ ದರ್ಶಿನಿ, ಪಕ್ಕದ ಓಣಿಯಲ್ಲಿ ಪಿಜಿ. ರಾಯಚೂರು, ಕೊಪ್ಪಳ, ಚಿತ್ರದುರ್ಗದಿಂದ ಬಂದವರು, ಆಂಧ್ರ, ಕೇರಳ, ಒಡಿಶಾದಿಂದ ಬಂದವರು ಇಲ್ಲಿದ್ದಾರೆ. ಡಿಪ್ಲೊಮಾ ಮುಗಿಸಿದವರು, ಬಿಸಿಎ ಮುಗಿಸಿದವರು, ಎಂಜಿನಿಯರಿಂಗ್ ಮುಗಿಸಿಯೂ ಕ್ಯಾಂಪಸ್ ಆಯ್ಕೆಯಲ್ಲಿ ಉಳಿದುಹೋದವರು. ಅವರ ಕಾಲೇಜುಗಳಿಗೆ ದೊಡ್ಡ ಕಂಪನಿಗಳು ಬರುವುದಿಲ್ಲ. ಅವರ ಮನೆಯಲ್ಲಿ, ಬಂಧುಬಳಗದಲ್ಲಿ ಕಂಪನಿಯೊಳಗಿನಿಂದ ರೆಫರಲ್ ಹಾಕುವವರಿಲ್ಲ. ಅವರ ಕೈಗೆ ಎಟುಕುವುದು ಒಂದು ಪರೀಕ್ಷೆ ಮಾತ್ರ.

ಆ ಪರೀಕ್ಷೆಯೂ ಅಗ್ಗದ್ದಲ್ಲ. ಈಗಿನ ಮಾದರಿಯ ಸಿಸಿಎನ್‌ಎ 2020ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅವಧಿ ಎರಡು ಗಂಟೆ, ಶುಲ್ಕ 300 ಡಾಲರ್. ತೆರಿಗೆ ಸೇರಿದರೆ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. ಫೇಲಾದರೆ ಮತ್ತೆ ಅಷ್ಟೇ ದುಡ್ಡು ಕಟ್ಟಬೇಕು. ಪಾಸಾದರೂ ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ. ಒಂದು ಹಂಗಾಮಿನ ಬೆಳೆಯ ದುಡ್ಡಿನಲ್ಲಿ ಇದನ್ನು ಬರೆಯುವ ಮನೆಗಳಿವೆ. ಅಂಥ ಮನೆಯಿಂದ ಬಂದವರಿಗೆ ‘ಇದು ಬರೀ ಕಾಗದ’ ಎಂದು ಹೇಳುವ ಮೊದಲು ಅದರ ಬದಲಿಗೆ ಬೇರೆ ಯಾವ ದಾರಿಯನ್ನು ತೋರಿಸುತ್ತೇವೆ ಎಂಬುದನ್ನು ಹೇಳಬೇಕು.

ಸರ್ಟಿಫಿಕೇಟನ್ನು ಹಳಿಯುವವರ ವಾದದಲ್ಲಿ ಸತ್ಯ ಇಲ್ಲವೇ ಇಲ್ಲ ಎಂದಲ್ಲ. ಈ ದೂರು ಹಳೆಯದು. 1990ರ ದಶಕದಲ್ಲಿ ನೋವೆಲ್ ಕಂಪನಿಯ ಸಿಎನ್‌ಇ ಪರೀಕ್ಷೆಗೆ ಜನ ಮುಗಿಬಿದ್ದಾಗಲೇ, ಸರ್ವರ್ ಮುಟ್ಟದೆ ಪುಸ್ತಕ ಓದಿ ಪಾಸಾದವರನ್ನು ಅಮೆರಿಕದಲ್ಲಿ ‘ಪೇಪರ್ ಸಿಎನ್‌ಇ’ ಎಂದು ಕರೆಯತೊಡಗಿದರು. ಮುಂದೆ ಮೈಕ್ರೊಸಾಫ್ಟ್‌ನ ಎಂಸಿಎಸ್‌ಇ ಅಲೆ ಬಂದಾಗ ‘ಪೇಪರ್ ಎಂಸಿಎಸ್‌ಇ’ ಹುಟ್ಟಿಕೊಂಡಿತು. ಹೀಗೆ ಕೆಲಸ ಮುಟ್ಟದೆ ಪಾಸಾಗುವ ದಾರಿಗೆ ಬೆಂಗಳೂರಿನಲ್ಲಿ ಇರುವ ಹೆಸರು ‘ಡಂಪ್ಸ್’. ಪರೀಕ್ಷೆ ಬರೆದು ಬಂದವರಿಂದ ಪ್ರಶ್ನೆಗಳನ್ನು ಕೂಡಿಹಾಕಿ ಉತ್ತರಸಮೇತ ಮಾರುವ ದಂಧೆ. ಅದನ್ನು ಬಾಯಿಪಾಠ ಮಾಡಿ ಪಾಸಾದವರಿಗೆ ಒಂದು ವಿಎಲ್‌ಎಎನ್ ಕಟ್ಟಲು ಬರುವುದಿಲ್ಲ. ಡಂಪ್ಸ್ ಬಳಸಿ ಸಿಕ್ಕಿಬಿದ್ದವರ ಪ್ರಮಾಣಪತ್ರ ರದ್ದುಮಾಡುವ ನಿಯಮ ಸಿಸ್ಕೊದಲ್ಲಿ ಇದೆ. ಇದ್ದರೂ ದಂಧೆ ನಿಂತಿಲ್ಲ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಬೋರ್ಡು ಹಾಕಿ ಫೀಸು ವಸೂಲಿ ಮಾಡಿ, ಕೊನೆಗೆ ಒಂದೆರಡು ವಾಕ್-ಇನ್ ವಿಳಾಸ ಕೊಟ್ಟು ಕಳಿಸುವ ಕೇಂದ್ರಗಳ ಪರವಾಗಿ ಇಲ್ಲಿ ಯಾರೂ ವಾದಿಸಬೇಕಾಗಿಲ್ಲ. ಅದು ಮೋಸ. ಮೋಸ ಹೋದವರಲ್ಲಿ ಮೊದಲಿಗರು ಆ ವಿದ್ಯಾರ್ಥಿಗಳು.

ಆದರೆ ಕಳ್ಳ ದಾರಿಯಲ್ಲಿ ಪಾಸಾಗುವವರು ಇದ್ದಾರೆಂದ ಮಾತ್ರಕ್ಕೆ ಪರೀಕ್ಷೆಯೇ ಹುಸಿ ಎಂದಾಗುವುದಿಲ್ಲ. ಸಿಸ್ಕೊದ ಅತ್ಯುನ್ನತ ಪರೀಕ್ಷೆ ಸಿಸಿಐಇ 1993ರಲ್ಲಿ ಶುರುವಾಯಿತು. ಅದರ ಆರಂಭದ ಸ್ವರೂಪ ಏನಿತ್ತು ಎಂಬುದನ್ನು ಈಗಿನ ಟೀಕಾಕಾರರು ಮರೆಯುತ್ತಾರೆ. ಎರಡು ದಿನ ಲ್ಯಾಬಿನಲ್ಲಿ ಕೂರಬೇಕಿತ್ತು. ನಿಜವಾದ ರೂಟರು, ಸ್ವಿಚ್ಚು, ಕೇಬಲ್ಲುಗಳಿಂದ ನೆಟ್‌ವರ್ಕ್ ಕಟ್ಟಬೇಕಿತ್ತು. ಎರಡನೇ ದಿನ ಪರೀಕ್ಷಕರೇ ಆ ನೆಟ್‌ವರ್ಕನ್ನು ಅಲ್ಲಲ್ಲಿ ಕೆಡಿಸಿಡುತ್ತಿದ್ದರು, ಅಭ್ಯರ್ಥಿ ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಿ ಸರಿಪಡಿಸಬೇಕಿತ್ತು. 2001ರಲ್ಲಿ ಅದನ್ನು ಒಂದು ದಿನಕ್ಕೆ ಇಳಿಸಿದರು. ಈಗಲೂ ಎಂಟು ಗಂಟೆಯ ಲ್ಯಾಬ್ ದಾಟದೆ ಸಿಸಿಐಇ ನಂಬರ್ ಸಿಗುವುದಿಲ್ಲ. ಆ ಲ್ಯಾಬ್ ಇರುವ ಜಗತ್ತಿನ ಕೆಲವೇ ಊರುಗಳಲ್ಲಿ ಬೆಂಗಳೂರು ಒಂದು. ಕೈಕೆಲಸವನ್ನೇ ಅಳೆಯಲೆಂದು ಹುಟ್ಟಿದ ಪರೀಕ್ಷೆಯನ್ನು ಕೈಕೆಲಸದ ಎದುರಾಳಿ ಎಂದು ನಿಲ್ಲಿಸುವುದು ತಪ್ಪು. ಒಂದು ಇನ್ನೊಂದಕ್ಕೆ ವಿರುದ್ಧ ಎಂಬ ನಂಬಿಕೆಯೇ ಬುಡ ಇಲ್ಲದ್ದು.

ಈಗ ‘ಅನುಭವ’ದ ಕಡೆ ಬರೋಣ. ನೆಟ್‌ವರ್ಕಿಂಗ್‌ನಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲಿಗೆ ಎಲ್‌1 ಎನ್ನುತ್ತಾರೆ. ಮಾನಿಟರಿಂಗ್ ಪರದೆಯ ಮುಂದೆ ಪಾಳಿಯಲ್ಲಿ ಕೂರುವುದು, ಲಿಂಕ್ ಬಿದ್ದ ಅಲಾರಂ ಬಂದರೆ ಟಿಕೆಟ್ ತೆರೆಯುವುದು, ಇಂಟರ್ನೆಟ್ ಕೊಡುವ ಕಂಪನಿಗೆ ಫೋನ್ ಮಾಡುವುದು, ಕೈಪಿಡಿಯಲ್ಲಿ ಬರೆದಿಟ್ಟ ನಾಲ್ಕಾರು ಕಮಾಂಡ್ ಓಡಿಸಿ ಬಂದದ್ದನ್ನು ಟಿಕೆಟ್ಟಿಗೆ ಅಂಟಿಸಿ ಎಲ್‌2ಗೆ ದಾಟಿಸುವುದು. ಮೂರು ನಾಲ್ಕು ವಾರ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರೆ ಕಲಿಯಬಹುದಾದ ಕೆಲಸ ಇದು. ಇದಕ್ಕೂ ಜಾಹೀರಾತಿನಲ್ಲಿ ‘ಒಂದರಿಂದ ಎರಡು ವರ್ಷದ ಅನುಭವ’ ಕೇಳುತ್ತಾರೆ. ಮೊದಲ ಮೆಟ್ಟಿಲು ಹತ್ತಲು ಎರಡನೇ ಮೆಟ್ಟಿಲಿನ ಮೇಲೆ ನಿಂತಿರಬೇಕು ಎಂಬ ಷರತ್ತು. ‘ನೀರಿಗಿಳಿಯದೆ ಈಜು ಬಾರದು’ ಎಂದು ಹೊಸಬರಿಗೆ ಉಪದೇಶಿಸುವವರೇ ಕೆರೆಯ ಸುತ್ತ ಬೇಲಿ ಹಾಕಿ ಬೀಗ ಜಡಿದಿದ್ದಾರೆ.

ಆ ಬೇಲಿಯ ಆಚೆ ಇರುವ ಅನುಭವವಾದರೂ ಎಷ್ಟು ಗಟ್ಟಿ? ವರ್ಷಗಳ ಲೆಕ್ಕ ಕಲಿಕೆಯ ಲೆಕ್ಕವಲ್ಲ. ಐದು ವರ್ಷ ಟಿಕೆಟ್ ದಾಟಿಸಿದವರಿಗೆ ಟಿಕೆಟ್ ದಾಟಿಸುವುದು ಚೆನ್ನಾಗಿ ಬರುತ್ತದೆ. ಪ್ಯಾಕೆಟ್ ಯಾಕೆ ಆ ದಾರಿಯಲ್ಲೇ ಹೋಯಿತು, ಇನ್ನೊಂದು ದಾರಿ ಏಕೆ ಹಿಡಿಯಲಿಲ್ಲ ಎಂಬುದು ಗೊತ್ತಿರಬೇಕೆಂದೇನಿಲ್ಲ. ಬರೀ ರೂಢಿಯಿಂದ ಬೆಳೆಸಿದ ನೆಟ್‌ವರ್ಕು ಏನಾಗಬಹುದು ಎಂಬುದಕ್ಕೆ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಪ್ರಕರಣ ಇದೆ. ಸ್ವಿಚ್ಚುಗಳು ಸುತ್ತು ಹಾಕಿಕೊಂಡು ಸಂದೇಶಗಳು ಗಿರಕಿ ಹೊಡೆಯದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು. ಅದರ ಮಾನದಂಡದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚುಗಳಿಗಿಂತ ಹೆಚ್ಚು ಇರಬಾರದೆಂಬ ಶಿಫಾರಸು ಇದೆ. ಆಸ್ಪತ್ರೆಯ ನೆಟ್‌ವರ್ಕನ್ನು ಅಗತ್ಯ ಬಿದ್ದಂತೆಲ್ಲ ಒಂದೊಂದು ತುಂಡು ಸೇರಿಸುತ್ತ ವರ್ಷಗಟ್ಟಲೆ ಬೆಳೆಸಿದ್ದರು. ಒಂದು ಭಾಗ ಆ ಮಿತಿಯನ್ನು ದಾಟಿಹೋಗಿತ್ತು. ದಿನವೂ ನಡೆಯುತ್ತಿತ್ತಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. 2002ರ ನವೆಂಬರ್ 13ರಂದು ಭಾರಿ ಪ್ರಮಾಣದ ದತ್ತಾಂಶ ಹರಿದಾಗ ಇಡೀ ನೆಟ್‌ವರ್ಕು ಕುಸಿಯಿತು. ಹಲವು ದಿನ ವೈದ್ಯರು, ದಾದಿಯರು ಕಾಗದದ ಮೇಲೆ ಔಷಧಿ ಬರೆದು, ಲ್ಯಾಬ್ ವರದಿಗಳನ್ನು ಕೈಯಲ್ಲಿ ಹಿಡಿದು ಓಡಾಡಿದರು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಾಲಮ್ಕಾ ಇದನ್ನು ಮುಚ್ಚಿಡಲಿಲ್ಲ, ಬೇರೆಯವರು ಕಲಿಯಲಿ ಎಂದು ಎಲ್ಲವನ್ನೂ ಬಹಿರಂಗಪಡಿಸಿದರು. ನೆಟ್‌ವರ್ಕಿನ ತಿಳಿವಳಿಕೆ ಒಬ್ಬರ ತಲೆಯಲ್ಲೇ ಉಳಿಯಬಾರದು, ಹೊರಗಿನವರಿಂದ ತಪಾಸಣೆ ಮಾಡಿಸಬೇಕು, ತಿಳಿವಳಿಕೆಯನ್ನು ಹೊಸದಾಗಿಸಿಕೊಳ್ಳುತ್ತಿರಬೇಕು ಎಂಬವು ಅವರು ಕಂಡುಕೊಂಡ ಪಾಠಗಳಲ್ಲಿ ಸೇರಿದ್ದವು. ಆ ಕಟ್ಟಡದಲ್ಲಿ ಅನುಭವಕ್ಕೆ ಕೊರತೆ ಇರಲಿಲ್ಲ. ಕೊರತೆಯಾದದ್ದು ಪುಸ್ತಕದ ಒಂದು ಅಂಕಿ.

ಇನ್ನೂ ಹತ್ತಿರದ ಕಾಲದ ಉದಾಹರಣೆ ಕೆನಡಾದ ರೋಜರ್ಸ್ ಕಂಪನಿಯದು. 2022ರ ಜುಲೈ 8ರಂದು ಅದರ ಜಾಲ ಬಿದ್ದು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಫೋನು, ಇಂಟರ್ನೆಟ್ ಇಲ್ಲದೆ ಉಳಿದರು. ತುರ್ತು ಕರೆಗಳಿಗೂ ಅಡ್ಡಿಯಾಯಿತು. ಏಳು ಹಂತಗಳ ಬದಲಾವಣೆಯಲ್ಲಿ ಅಂದು ನಡೆಯುತ್ತಿದ್ದದ್ದು ಆರನೇ ಹಂತ. ರೂಟರಿನಿಂದ ಒಂದು ಫಿಲ್ಟರ್ ತೆಗೆದುಹಾಕಿದರು, ರೂಟುಗಳ ಪ್ರವಾಹ ಒಳಗಿನ ಮುಖ್ಯ ರೂಟರುಗಳನ್ನು ಮುಳುಗಿಸಿತು. ಆಮೇಲಿನ ತನಿಖಾ ವರದಿಯಲ್ಲಿ ಒಂದು ವಿವರ ಇದೆ. ಆ ಬದಲಾವಣೆಯನ್ನು ಮೊದಲು ‘ಹೆಚ್ಚಿನ ಅಪಾಯ’ದ್ದೆಂದು ಗುರುತಿಸಿದ್ದರು. ಹಿಂದಿನ ಹಂತಗಳು ಸುಸೂತ್ರವಾಗಿ ಮುಗಿದವೆಂಬ ಕಾರಣಕ್ಕೆ ಆರನೇ ಹಂತದ ಹೊತ್ತಿಗೆ ಅದು ‘ಕಡಿಮೆ ಅಪಾಯ’ದ್ದಾಯಿತು. ಇಷ್ಟು ಸಲ ಏನೂ ಆಗಲಿಲ್ಲ, ಈ ಸಲವೂ ಆಗುವುದಿಲ್ಲ. ಅನುಭವ ಹುಟ್ಟಿಸುವ ಈ ಧೈರ್ಯವನ್ನು ಯಾವ ರೆಸ್ಯೂಮಿನಲ್ಲೂ ದೋಷವೆಂದು ಯಾರೂ ಬರೆದುಕೊಳ್ಳುವುದಿಲ್ಲ.

ಅನುಭವವನ್ನು ಅಳೆಯುವ ಕೋಲೂ ಕಾಗದದ್ದೇ. ಕಂಪನಿಗಳು ಕೇಳುವುದು ಆಫರ್ ಲೆಟರ್, ಪೇ ಸ್ಲಿಪ್, ರಿಲೀವಿಂಗ್ ಲೆಟರ್. ಅವು ಮಾರುಕಟ್ಟೆಯಲ್ಲಿ ಸಿಗುತ್ತವೆ ಎಂಬುದು ಬೆಂಗಳೂರಿನ ಎಚ್‌ಆರ್ ವಲಯಕ್ಕೆ ಗೊತ್ತಿಲ್ಲದ ಗುಟ್ಟಲ್ಲ. 2022ರ ನವೆಂಬರಿನಲ್ಲಿ ಆಕ್ಸೆಂಚರ್ ಕಂಪನಿ, ಇಲ್ಲದ ಕಂಪನಿಗಳ ಹೆಸರಿನಲ್ಲಿ ಅನುಭವ ಪತ್ರ ತಂದು ಭಾರತದಲ್ಲಿ ತನ್ನಲ್ಲಿ ಕೆಲಸ ಗಿಟ್ಟಿಸಿಕೊಳ್ಳುವ ಜಾಲವೊಂದು ಪತ್ತೆಯಾಗಿದೆ, ಅದರಲ್ಲಿದ್ದವರನ್ನು ತೆಗೆದುಹಾಕಿದ್ದೇವೆ ಎಂದು ಬಹಿರಂಗವಾಗಿಯೇ ಹೇಳಿತು. ಹಾಗೆ ಮಾಡಿದವರದು ತಪ್ಪೇ. ಆದರೆ ಅನುಭವ ಪತ್ರವನ್ನು ಕೊಂಡುಕೊಳ್ಳುವ ಹುಚ್ಚು ಎಲ್ಲಿಂದ ಬಂತು? ಫ್ರೆಶರ್ ಎಂದರೆ ಫೋನ್ ಇಡುವ, ‘ಎರಡು ವರ್ಷ’ ಎಂದರೆ ಕೂರಲು ಹೇಳುವ ಪದ್ಧತಿಯಿಂದ ಬಂತು. ಸಿಸಿಎನ್‌ಎ ಸರ್ಟಿಫಿಕೇಟಿನ ಅಸಲಿತನವನ್ನಾದರೂ ಸಿಸ್ಕೊದ ತಾಣದಲ್ಲಿ ಕೆಲವೇ ನಿಮಿಷದಲ್ಲಿ ತಾಳೆ ನೋಡಬಹುದು. ಅನುಭವ ಪತ್ರದ ಹಿಂದೆ ತಿಂಗಳುಗಟ್ಟಲೆ ವೆರಿಫಿಕೇಷನ್ ಏಜೆನ್ಸಿಗಳನ್ನು ಓಡಿಸಬೇಕು.

ನಿಜವಾದ ಕೈಕೆಲಸಕ್ಕೆ ಈ ಊರು ಎಷ್ಟು ಗೌರವ ಕೊಡುತ್ತದೆ ಎಂದು ತಿಳಿಯಬೇಕಾದರೆ ಜಯನಗರದ ಬೀದಿಗಳಲ್ಲಿ ಮೇ ತಿಂಗಳಲ್ಲಿ ನೋಡಬೇಕು. ಮುಂಗಾರು ಪೂರ್ವದ ಗಾಳಿಮಳೆಗೆ ದೊಡ್ಡ ಮರಗಳ ಕೊಂಬೆಗಳು ಮುರಿದು ಬೀಳುತ್ತವೆ, ಕೊಂಬೆಗಳ ಜೊತೆಗೆ ಮರದಿಂದ ಮರಕ್ಕೆ ಎಳೆದಿದ್ದ ಫೈಬರ್ ಕೇಬಲ್ಲುಗಳೂ ಬೀಳುತ್ತವೆ. ಮನೆಮನೆಯ ಪೆಟ್ಟಿಗೆಗಳಲ್ಲಿ ಕೆಂಪು ದೀಪ ಮಿನುಗತೊಡಗುತ್ತದೆ, ವರ್ಕ್ ಫ್ರಂ ಹೋಮ್ ಮಾಡುತ್ತಿದ್ದವರ ಮೀಟಿಂಗು ನಿಲ್ಲುತ್ತದೆ. ಆಗ ಬೈಕಿನಲ್ಲಿ ಏಣಿ ಕಟ್ಟಿಕೊಂಡು ಬರುವವರು ಕೇಬಲ್ ಹುಡುಗರು. ಕೂದಲೆಳೆಯಷ್ಟು ತೆಳುವಾದ, 125 ಮೈಕ್ರಾನ್ ದಪ್ಪದ ಗಾಜಿನ ಎಳೆಯನ್ನು ಸುಲಿದು, ಒರೆಸಿ, ಕತ್ತರಿಸಿ, ಸ್ಪ್ಲೈಸಿಂಗ್ ಮಷಿನ್ನಿನಲ್ಲಿ ಎದುರುಬದುರಾಗಿಟ್ಟು ವಿದ್ಯುತ್ ಕಿಡಿಯಿಂದ ಬೆಸೆಯುತ್ತಾರೆ. ಅದೂ ರಸ್ತೆಬದಿಯಲ್ಲಿ, ಸ್ಕೂಟರಿನ ಸೀಟಿನ ಮೇಲೆ, ಕೆಲವೊಮ್ಮೆ ಜಿನುಗು ಮಳೆಯಲ್ಲಿ ಒಬ್ಬರು ಕೊಡೆ ಹಿಡಿದಿರುವಾಗ. ಆಮೇಲೆ ಪವರ್ ಮೀಟರ್ ಹಿಡಿದು ಬೆಳಕು ಎಷ್ಟು ಬರುತ್ತಿದೆ ಎಂದು ನೋಡುತ್ತಾರೆ. ಮನೆಯ ಪೆಟ್ಟಿಗೆಗಳು ಸಾಮಾನ್ಯವಾಗಿ ಮೈನಸ್ 27 ಡಿಬಿಎಂ ತನಕ ಮಾತ್ರ ಸಹಿಸಿಕೊಳ್ಳುತ್ತವೆ. ಒಂದನ್ನು ಎಂಟಾಗಿ ಒಡೆಯುವ ಸ್ಪ್ಲಿಟರ್ ಒಂದೇ ಸುಮಾರು 10 ಡೆಸಿಬೆಲ್ ಬೆಳಕು ತಿನ್ನುತ್ತದೆ, ಕಂಬದ ಬಳಿ ಕೇಬಲ್ ತೀರ ಬಾಗಿದ್ದರೆ ಇನ್ನಷ್ಟು ಸೋರುತ್ತದೆ. ಎಲ್ಲಿ ಎಷ್ಟು ಕಳೆದುಹೋಗಿದೆ ಎಂಬ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿ ಇರುತ್ತದೆ. ಪದವಿ ತರಗತಿಯಲ್ಲಿ ಆಪ್ಟಿಕಲ್ ಕಮ್ಯುನಿಕೇಷನ್ ಓದಿದ ಎಷ್ಟೋ ಎಂಜಿನಿಯರುಗಳಿಗೆ ಈ ಲೆಕ್ಕವನ್ನು ಬೀದಿಯಲ್ಲಿ ನಿಂತು ಮಾಡಲು ಬರುವುದಿಲ್ಲ.

‘ಕೈಯಲ್ಲಿ ಕೆಲಸ ಬರಬೇಕು’ ಎನ್ನುವವರು ತಮ್ಮ ಮಾತನ್ನು ತಾವೇ ನಂಬುವುದಾದರೆ ಈ ಹುಡುಗರನ್ನು ಇಂಟರ್‌ವ್ಯೂಗೆ ಕರೆಯಬೇಕಿತ್ತು. ಕರೆದಿದ್ದಾರೆಯೇ? ಬನಶಂಕರಿಯಲ್ಲೋ ಜೆಪಿ ನಗರದಲ್ಲೋ ಹತ್ತು ವರ್ಷ ಫೈಬರ್ ಜೋಡಿಸಿದವರ ರೆಸ್ಯೂಮು ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳ ಮೊದಲ ಸೋಸುವಿಕೆಯಲ್ಲೇ ಬಿದ್ದುಹೋಗುತ್ತದೆ. ಪದವಿ ಇಲ್ಲ, ಇಂಗ್ಲಿಷ್ ಸರಾಗವಿಲ್ಲ, ಕಂಪನಿ ಹೆಸರು ಕೇಳಿದ್ದಲ್ಲ. ಅವರ ಕೈಯಲ್ಲಿರುವ ಕೆಲಸ ಅನುಭವವಲ್ಲವಂತೆ. ಹಾಗಾದರೆ ಅವರು ಅನುಭವ ಎನ್ನುವುದು ಕೈಯ ಪಳಗಿಕೆಯನ್ನಲ್ಲ. ತಮ್ಮಂಥದೇ ಇನ್ನೊಂದು ಕಂಪನಿಯ ಸಂಬಳದ ಪಟ್ಟಿಯಲ್ಲಿ ಹೆಸರಿತ್ತೇ ಎಂಬುದನ್ನಷ್ಟೇ ಅವರು ನೋಡುತ್ತಾರೆ. ಈ ವಾದದ ಅತ್ಯಂತ ಅನ್ಯಾಯದ ಭಾಗ ಇದು. ದುಡಿಯುವವರ ಹೆಸರಿನಲ್ಲಿ ಓದುವವರನ್ನು ಹೊರಗಿಡುತ್ತಾರೆ. ದುಡಿಯುವವರನ್ನು ಮೊದಲೇ ಹೊರಗಿಟ್ಟಾಗಿದೆ.

ಕಾಗದವನ್ನು ಅಷ್ಟು ಕೀಳಾಗಿ ಕಾಣುವ ಕಂಪನಿಗಳು ತಮಗೆ ಬೇಕಾದಾಗ ಅದನ್ನೇ ಎಣಿಸುತ್ತವೆ. ಸಿಸ್ಕೊದ ಗೋಲ್ಡ್ ಪಾರ್ಟ್ನರ್ ಎನಿಸಿಕೊಳ್ಳಬೇಕಾದರೆ ಕನಿಷ್ಠ ನಾಲ್ವರು ಸಿಸಿಐಇಗಳು ನೌಕರಿಯಲ್ಲಿರಬೇಕು ಎಂಬ ನಿಯಮ ವರ್ಷಗಟ್ಟಲೆ ಇತ್ತು. ಪಾರ್ಟ್ನರ್ ದರ್ಜೆ ಏರಿದಂತೆ ಉಪಕರಣಗಳ ಮೇಲಿನ ರಿಯಾಯಿತಿ ಏರುತ್ತದೆ. ದೊಡ್ಡ ನೆಟ್‌ವರ್ಕ್ ಟೆಂಡರುಗಳಲ್ಲಿ, ಸರ್ಕಾರದ ಟೆಂಡರುಗಳಲ್ಲಂತೂ, ಪ್ರಮಾಣಪತ್ರ ಇರುವ ಎಂಜಿನಿಯರುಗಳು ಇಷ್ಟು ಮಂದಿ ಇರಬೇಕೆಂಬ ಷರತ್ತು ಸಾಮಾನ್ಯ. ಆಗ ಅದೇ ಮ್ಯಾನೇಜರುಗಳು ತಂಡದವರ ಸರ್ಟಿಫಿಕೇಟ್ ನಂಬರುಗಳನ್ನು ಒಟ್ಟುಮಾಡಿ ಕಡತಕ್ಕೆ ಲಗತ್ತಿಸುತ್ತಾರೆ. ಒಪ್ಪಂದ ಗಿಟ್ಟಿಸಲು ಬೆಲೆಯುಳ್ಳ ಕಾಗದ, ಹೊಸಬರ ಕೈಯಲ್ಲಿದ್ದಾಗ ಬೆಲೆಯಿಲ್ಲದ್ದು ಹೇಗಾಗುತ್ತದೆ?

ಬೆಂಗಳೂರು ಯಾವಾಗಲೂ ಹೀಗಿರಲಿಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅದೇ ವರ್ಷ ನಗರದ ಇನ್ನೊಂದು ತುದಿಯ ದೂರವಾಣಿ ನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಶುರುವಾಯಿತು. ಐಟಿಐ ಇರಲಿ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಇರಲಿ, ಆ ಕಾರ್ಖಾನೆಗಳು ಎಸ್ಸೆಸ್ಸೆಲ್ಸಿ, ಕೈಗಾರಿಕಾ ತರಬೇತಿ ಸಂಸ್ಥೆಯ ಕೋರ್ಸು, ಡಿಪ್ಲೊಮಾ ಮುಗಿಸಿದವರನ್ನು ಅಪ್ರೆಂಟಿಸುಗಳಾಗಿ ತೆಗೆದುಕೊಂಡು ತಾವೇ ಕೆಲಸ ಕಲಿಸಿದವು. ದೂರವಾಣಿ ಇಲಾಖೆಯಲ್ಲೂ, ಮುಂದೆ ಬಿಎಸ್‌ಎನ್‌ಎಲ್‌ನಲ್ಲೂ ಜೆಟಿಓ (ಜೂನಿಯರ್ ಟೆಲಿಕಾಂ ಆಫೀಸರ್) ಹುದ್ದೆಗೆ ಮೊದಲು ಪರೀಕ್ಷೆ. ಪಾಸಾದವರನ್ನು ಮೈಸೂರಿನಂಥ ಕಡೆ ಇದ್ದ ಪ್ರಾದೇಶಿಕ ತರಬೇತಿ ಕೇಂದ್ರಗಳಿಗೆ ಕಳಿಸಿ ಎಕ್ಸ್‌ಚೇಂಜು, ಟ್ರಾನ್ಸ್‌ಮಿಷನ್ ಕಲಿಸಿ, ಆಮೇಲೆ ಕೆಲಸಕ್ಕೆ ಹಾಕುತ್ತಿದ್ದರು. ‘ಎಕ್ಸ್‌ಚೇಂಜಿನಲ್ಲಿ ಎರಡು ವರ್ಷ ದುಡಿದು ಬನ್ನಿ, ಆಮೇಲೆ ಎಕ್ಸ್‌ಚೇಂಜಿಗೆ ಸೇರಿಸಿಕೊಳ್ಳುತ್ತೇವೆ’ ಎಂದು ಯಾರೂ ಹೇಳಲಿಲ್ಲ. ಪರೀಕ್ಷೆ ಬಾಗಿಲು ತೆರೆಯುತ್ತಿತ್ತು, ಒಳಗೆ ಬಂದವರಿಗೆ ಕಲಿಸುವುದು ಸಂಸ್ಥೆಯ ಹೊಣೆಯಾಗಿತ್ತು. ಹಳ್ಳಿಯ ಸಾಧಾರಣ ಮನೆಗಳ ಮಕ್ಕಳು ಈ ಊರಿನಲ್ಲಿ ಎಂಜಿನಿಯರುಗಳಾಗಿ ನೆಲೆಯೂರಿದ್ದು, ಮನೆ ಕಟ್ಟಿಸಿದ್ದು ಆ ಏರ್ಪಾಟಿನಿಂದ. ಇವತ್ತು ಸಾಫ್ಟ್‌ವೇರ್ ಬರೆಯುವವರಿಗಾದರೂ ಇನ್ಫೊಸಿಸ್ ಮೈಸೂರಿನಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಡುತ್ತದೆ. ಅದೇ ವಲಯದಲ್ಲಿ ನೆಟ್‌ವರ್ಕ್ ಸಪೋರ್ಟಿನ ಕೆಳಗಿನ ಹುದ್ದೆಗಳನ್ನು ಹೊರಗುತ್ತಿಗೆ ಏಜೆನ್ಸಿಗಳ ಮೂಲಕ ತುಂಬಿಸುವುದು ರೂಢಿ. ಏಜೆನ್ಸಿಗೆ ಬೇಕಾದದ್ದು ನಾಳೆ ಬೆಳಗಿನ ಶಿಫ್ಟಿಗೆ ಕೂರಬಲ್ಲವರು. ಕಲಿಸುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ.

ಕಾನೂನು ಸುಮ್ಮನಿಲ್ಲ. 1961ರ ಅಪ್ರೆಂಟಿಸಸ್ ಕಾಯ್ದೆ ಇದೆ. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಒಟ್ಟು ಬಲದ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಬೇಕು, ಗುತ್ತಿಗೆ ನೌಕರರೂ ಆ ಲೆಕ್ಕಕ್ಕೆ ಸೇರುತ್ತಾರೆ. ಆದರೆ ತಪ್ಪಿದವರಿಗೆ 2014ರ ತಿದ್ದುಪಡಿ ಗೊತ್ತುಮಾಡಿದ ದಂಡ ನೋಡಿ. ಕೊರತೆಯಾದ ಒಬ್ಬ ಅಪ್ರೆಂಟಿಸಿಗೆ ತಿಂಗಳಿಗೆ 500 ರೂಪಾಯಿ, ಮೂರು ತಿಂಗಳ ಮೇಲೆ 1,000 ರೂಪಾಯಿ. ಮಧ್ಯಮ ಗಾತ್ರದ ಕಂಪನಿಯೊಂದರ ಕಾಫಿ ಯಂತ್ರದ ತಿಂಗಳ ಖರ್ಚು ಇದಕ್ಕಿಂತ ಹೆಚ್ಚು. ಅನುಭವ ಇಲ್ಲದವರು ಬೇಡ ಎನ್ನುವ ಪ್ರತಿ ಕಂಪನಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಳೆದ ವರ್ಷ ನಿಮ್ಮ ನೆಟ್‌ವರ್ಕ್ ತಂಡ ಎಷ್ಟು ಅಪ್ರೆಂಟಿಸುಗಳಿಗೆ ಕೆಲಸ ಕಲಿಸಿತು?

ಮ್ಯಾನೇಜರುಗಳ ಕಡೆಯಿಂದ ಎರಡು ಉತ್ತರ ಬರುತ್ತವೆ. ಮೊದಲನೆಯದು, ಹೊಸಬರ ಕೈಗೆ ನಡೆಯುತ್ತಿರುವ ನೆಟ್‌ವರ್ಕ್ ಕೊಡಲಾಗದು, ಒಂದು ತಪ್ಪು ಕಮಾಂಡಿಗೆ ಬ್ಯಾಂಕೇ ನಿಂತುಹೋಗಬಹುದು. ನಿಜ. ಆದರೆ ಹೊಸಬರಿಗೆ ಮೊದಲ ದಿನವೇ ಕೋರ್ ರೂಟರಿನ ಪಾಸ್‌ವರ್ಡ್ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ನೋಡಲು ಮಾತ್ರ ಅವಕಾಶವಿರುವ ಲಾಗಿನ್ ಕೊಡಬಹುದು, ರಾತ್ರಿಯ ಚೇಂಜ್ ವಿಂಡೋದಲ್ಲಿ ಸೀನಿಯರ್ ಪಕ್ಕ ಕೂರಿಸಬಹುದು, ಬದಲಾವಣೆಯ ಕರಡನ್ನು ಅವರಿಂದ ಬರೆಸಿ ತಿದ್ದಬಹುದು. ಎರಡನೆಯ ಉತ್ತರ, ಕಲಿಸಿದ ಮೇಲೆ ಬಿಟ್ಟುಹೋಗುತ್ತಾರೆ. ಹೌದು, ಕೆಲವರು ಹೋಗುತ್ತಾರೆ. ಬೇರೆ ಕಂಪನಿ ಕಲಿಸಿದವರನ್ನು ನೀವು ತೆಗೆದುಕೊಳ್ಳುತ್ತಿರುವುದೂ ಹೀಗೆಯೇ. ಎಲ್ಲರೂ ಕೊಯ್ಲಿಗೆ ಮಾತ್ರ ಬರುತ್ತೇವೆ ಎಂದರೆ ಬಿತ್ತುವವರು ಇರುವುದಿಲ್ಲ, ಆ ಕೊರತೆಯನ್ನು ಈಗ ಇಡೀ ಉದ್ಯಮ ‘ಒಳ್ಳೆಯ ಅಭ್ಯರ್ಥಿಗಳೇ ಸಿಗುತ್ತಿಲ್ಲ’ ಎಂಬ ದೂರಾಗಿ ಉಣ್ಣುತ್ತಿದೆ.

ಸರ್ಟಿಫಿಕೇಟಿಗೂ ನೌಕರಿಯ ಅನುಭವಕ್ಕೂ ನಡುವೆ ಇನ್ನೊಂದು ಇದೆ, ಇಂಟರ್‌ವ್ಯೂಗಳಲ್ಲಿ ಅದಕ್ಕೆ ಸೊನ್ನೆ ಅಂಕ. ಸ್ವಂತ ಲ್ಯಾಬು. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಜಿಎನ್‌ಎಸ್‌3, ಈವ್-ಎನ್‌ಜಿಯಂಥ ಸಲಕರಣೆಗಳಲ್ಲಿ ಹಳೆಯ ಲ್ಯಾಪ್‌ಟಾಪಿನ ಮೇಲೂ ಹತ್ತಾರು ರೂಟರುಗಳ ಜಾಲ ಕಟ್ಟಬಹುದು. ಎಸ್‌ಪಿ ರಸ್ತೆಯಲ್ಲಿ ಕಚೇರಿಗಳು ಕಳಚಿ ಮಾರಿದ ಸ್ವಿಚ್ಚುಗಳನ್ನು ಚೌಕಾಸಿ ಮಾಡಿ ತಂದು ಪಿಜಿಯ ಮಂಚದ ಕೆಳಗಿಟ್ಟು ಕಲಿಯುವವರಿದ್ದಾರೆ. ಎರಡು ರೂಟರುಗಳ ನಡುವೆ ಓಎಸ್‌ಪಿಎಫ್ ನೆಂಟಸ್ತಿಕೆ ಅರ್ಧದಲ್ಲೇ ನಿಂತು ಎಕ್ಸ್‌ಸ್ಟಾರ್ಟ್ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಎರಡೂ ಕಡೆಯ ಎಂಟಿಯು, ಅಂದರೆ ಪ್ಯಾಕೆಟ್ ಗಾತ್ರದ ಮಿತಿ, ಹೊಂದುತ್ತಿಲ್ಲವೇನೋ ಎಂದು ನೋಡಬೇಕು ಎಂಬುದನ್ನು ಅವರು ರಾತ್ರಿಯೆಲ್ಲ ಕೂತು ಕಂಡುಕೊಂಡಿರುತ್ತಾರೆ. ಇದು ಕೈಕೆಲಸವಲ್ಲದೆ ಇನ್ನೇನು? ಇದಕ್ಕೆ ಪೇ ಸ್ಲಿಪ್ ಇಲ್ಲ ಎಂಬುದೊಂದೇ ಕೊರತೆ.

ಇದನ್ನು ಅಳೆಯುವುದು ಕಷ್ಟವೂ ಅಲ್ಲ. ಇಂಟರ್‌ವ್ಯೂ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಇಡಲಿ. ನಾಲ್ಕು ರೂಟರು, ಎರಡು ಸ್ವಿಚ್ಚುಗಳ ಜಾಲದಲ್ಲಿ ಮೂರು ದೋಷ ಹಾಕಿಡಲಿ: ಒಂದು ಕಡೆ ತಪ್ಪು ಸಬ್‌ನೆಟ್ ಮಾಸ್ಕು, ಇನ್ನೊಂದು ಕಡೆ ಟ್ರಂಕಿನ ಎರಡು ತುದಿಯಲ್ಲಿ ಬೇರೆ ಬೇರೆ ನೇಟಿವ್ ವಿಎಲ್‌ಎಎನ್, ಮತ್ತೊಂದು ಕಡೆ ದಾರಿ ಮುಚ್ಚುವ ಆಕ್ಸೆಸ್ ಲಿಸ್ಟು. ನಲವತ್ತೈದು ನಿಮಿಷ ಕೊಡಲಿ. ಡಂಪ್ಸ್ ಓದಿ ಬಂದವರು ಹತ್ತು ನಿಮಿಷದಲ್ಲಿ ಗೊತ್ತಾಗುತ್ತಾರೆ. ಕೊಂಡುಕೊಂಡ ಅನುಭವ ಪತ್ರದವರೂ ಅಷ್ಟೇ ಬೇಗ ಗೊತ್ತಾಗುತ್ತಾರೆ. ಕಲಿತವರು, ಎಲ್ಲಿ ಕಲಿತರೂ ಸರಿ, ಕಾಣಿಸುತ್ತಾರೆ. 1993ರಲ್ಲಿ ಸಿಸಿಐಇ ರೂಪಿಸಿದವರು ಮಾಡಿದ್ದು ಇದನ್ನೇ. ‘ಅನುಭವವೇ ಮುಖ್ಯ’ ಎನ್ನುವ ಮ್ಯಾನೇಜರುಗಳು ಇಷ್ಟು ಶ್ರಮ ತೆಗೆದುಕೊಳ್ಳದೆ ರೆಸ್ಯೂಮಿನ ವರ್ಷಗಳನ್ನು ಕೂಡಿಸಿ ತೀರ್ಮಾನಕ್ಕೆ ಬರುತ್ತಾರೆಂದರೆ ಅವರಿಗೆ ಕೈಕೆಲಸದ ಮೇಲಿರುವ ಗೌರವ ಬಾಯಿಮಾತಿನದು.

ಕಾಗದದ ಅಗತ್ಯ ಯಾರಿಗಿದೆ ಎಂಬುದೂ ಇಲ್ಲಿ ತಿಳಿಯುತ್ತದೆ. ಹೆಸರಾಂತ ಕಾಲೇಜಿನವರಿಗೆ, ದೊಡ್ಡ ಕಂಪನಿಯಲ್ಲಿ ಹತ್ತು ವರ್ಷ ಕಳೆದವರಿಗೆ ಸರ್ಟಿಫಿಕೇಟ್ ಇಲ್ಲದಿದ್ದರೂ ನಡೆಯುತ್ತದೆ, ಅವರ ಹಿಂದೆ ಬೇರೆ ಸಾಕ್ಷಿಗಳಿವೆ. ಸಾಕ್ಷಿ ಇಲ್ಲದವರು ಆ ಕೇಬಲ್ ಹುಡುಗರು. ಹತ್ತು ವರ್ಷದ ದುಡಿಮೆಗೆ ಅವರ ಬಳಿ ಗುತ್ತಿಗೆದಾರರ ಫೋನ್ ನಂಬರ್ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ, ಗುತ್ತಿಗೆದಾರರು ಬದಲಾದರೆ ಅದೂ ಇಲ್ಲ. ಟೆಲಿಕಾಂ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಆಪ್ಟಿಕಲ್ ಫೈಬರ್ ಸ್ಪ್ಲೈಸರ್, ಆಪ್ಟಿಕಲ್ ಫೈಬರ್ ಟೆಕ್ನಿಷಿಯನ್ ಎಂಬ ಕೆಲಸಗಳಿಗೆ ಮಾನದಂಡ ಗೊತ್ತುಮಾಡಿದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶವನ್ನೂ ಸೇರಿಸಲಾಗಿತ್ತು. ದಕ್ಷಿಣ ಬೆಂಗಳೂರಿನ ಮನೆಮನೆಗೆ ಇಂಟರ್ನೆಟ್ ಮಾರುವ ಕಂಪನಿಗಳು ತಮ್ಮ ಗುತ್ತಿಗೆದಾರರ ಕೈಕೆಳಗಿರುವ ಹುಡುಗರಿಗೆ ಅಂಥ ಪ್ರಮಾಣಪತ್ರ ಕೊಡಿಸಬೇಕು. ಅದಕ್ಕೆ ತಗಲುವ ದಿನಗಳ ಕೂಲಿ ಕತ್ತರಿಸಬಾರದು. ಆಮೇಲೆ ಬಯಸಿದವರಿಗೆ ಸಿಸಿಎನ್‌ಎ ಶುಲ್ಕ ತುಂಬಿ ನೆಟ್‌ವರ್ಕ್ ಆಪರೇಷನ್ಸ್ ಕೋಣೆಗೆ ಅಪ್ರೆಂಟಿಸುಗಳಾಗಿ ಕರೆದುಕೊಳ್ಳಬೇಕು.

2025ರ ಆಗಸ್ಟಿನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಬಿಟಿಎಂ ಲೇಔಟಿನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ಹೋಗಬಹುದಾಗಿದೆ. ಬೆಳಗಿನ ಆ ರೈಲಿನಲ್ಲಿ ಫೈಲು ಹಿಡಿದು ವಾಕ್-ಇನ್‌ಗೆ ಹೊರಟವರೂ ಇರುತ್ತಾರೆ, ಅವರನ್ನು ಇಂಟರ್‌ವ್ಯೂ ಮಾಡಲಿರುವವರೂ ಇರುತ್ತಾರೆ. ಆ ಫೈಲಿನಲ್ಲಿ ಸಿಸಿಎನ್‌ಎ ಸರ್ಟಿಫಿಕೇಟ್ ಇದ್ದರೆ ಅದನ್ನು ಪಕ್ಕಕ್ಕೆ ಸರಿಸುವ ಮೊದಲು ಅದರ ನಂಬರ್ ತಾಳೆ ನೋಡಿ, ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ಕೆಟ್ಟಿರುವ ಜಾಲವನ್ನು ಸರಿಮಾಡಲು ಹೇಳಲಿ. ಸರಿಮಾಡಿದವರನ್ನು ಸೋಮವಾರದಿಂದ ಕೆಲಸಕ್ಕೆ ಬರಹೇಳಲಿ, ಎರಡು ವರ್ಷದ ಅನುಭವವನ್ನು ತಮ್ಮಲ್ಲೇ ಕೊಡಲಿ.